ಡೀಸೆಲ್ಲಿಗೆ ಹಾಕುವ ಔಷಧ: ತುರ್ಭೆಯಿಂದ ನಮ್ಮೂರ ಹೊಲದವರೆಗೆ

ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಲ್ಲಿ ಊರಿನ ಹೊಲದ ನಂಟನ್ನು ಪೂರ್ತಿ ಕಡಿದುಕೊಂಡವರು ಕಡಮೆ. ಅಣ್ಣನೋ ದೊಡ್ಡಪ್ಪನ ಮಗನೋ ಅದನ್ನು ನೋಡಿಕೊಳ್ಳುತ್ತಾನೆ. ನಾವು ಜಾತ್ರೆಗೋ ದೀಪಾವಳಿಗೋ ಹೋಗಿ, ಒಂದು ಚೀಲ ಜೋಳ, ನಾಲ್ಕು ಸೇರು ಕಡಲೆ ತಂದು, ನಮ್ಮ ಪಾಲು ಬಂತೆಂದು ಸಮಾಧಾನಪಡುತ್ತೇವೆ. ಊರಿನವರು ಪ್ರತಿಯಾಗಿ ಮುಂಬಯಿ ಸಾಮಾನು ಕೇಳುತ್ತಾರೆ. ಹಿಂದೆ ರೇಡಿಯೋ, ಕೈಗಡಿಯಾರ, ಟೆರಿಲಿನ್ ಬಟ್ಟೆ ಕೇಳುತ್ತಿದ್ದರು. ಈಗ ಅವೆಲ್ಲ ತಾಲೂಕಿನಲ್ಲೇ ಸಿಗುತ್ತವೆ. ಹೋದ ವರ್ಷ ಸವದತ್ತಿ ಸೀಮೆಯಿಂದ ನಮ್ಮ ಅಣ್ಣ ಫೋನು ಮಾಡಿ ಕೇಳಿದ್ದು ಬೇರೆಯೇ.

"ತಮ್ಮಾ, ಡೀಸೆಲ್‌ಗೆ ಹಾಕೋ ಔಷಧ ಬಂದೈತಂತ. ಮುಂಬೈಯಾಗ ಅಸಲಿ ಮಾಲು ಸಿಗತೈತಿ ಅಂತಾರ. ಎರಡು ಬಾಟ್ಲಿ ತಗೊಂಡು ಬಾ. ಟ್ರ್ಯಾಕ್ಟರ್ ಗಟ್ಟಿ ಇರಬೇಕಪಾ, ಇನ್ನೂ ಕಂತು ಬಾಕಿ ಅದಾವ."

ನಾವು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತರು. ಓದಿದ್ದು ಬಿ.ಎಸ್ಸಿ., ಅದೂ ರಸಾಯನಶಾಸ್ತ್ರ. ಆದ್ದರಿಂದ ಎಣ್ಣೆ, ಗೊಬ್ಬರ, ಕೀಟನಾಶಕ, ಏನೇ ಇರಲಿ, ತಮ್ಮನಿಗೆ ಗೊತ್ತಿರಲೇಬೇಕೆಂಬುದು ಅಣ್ಣನ ನಂಬಿಕೆ. ಈ ನಂಬಿಕೆ ಹಿಂದೊಮ್ಮೆ ನಮ್ಮ ಮನೆಗೆ ನಷ್ಟ ತಂದಿತ್ತು. ಅದನ್ನು ಮುಂದೆ ಹೇಳುತ್ತೇವೆ. ಈ ಸಲ ಮಾತ್ರ ಬಾಟಲಿ ಕೊಳ್ಳುವ ಮೊದಲು ಅದರ ಪೂರ್ವೋತ್ತರವನ್ನು ತಿಳಿಯೋಣವೆಂದು ಹೊರಟೆವು. ತಿಳಿಯುತ್ತ ಹೋದಂತೆ ಆ ಕತೆ ನಾವು ದಿನವೂ ದಾಟಿಹೋಗುವ ಒಂದು ರೈಲು ನಿಲ್ದಾಣದ ಬಳಿಗೇ ನಮ್ಮನ್ನು ಕರೆತಂದಿತು. ಅದನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಶೇಂಗಾ ಎಣ್ಣೆಯಿಂದ ಆರಂಭ

ಡೀಸೆಲ್ ಎಂಬುದು ಮೊದಲು ಒಬ್ಬ ಮನುಷ್ಯನ ಹೆಸರು, ಆಮೇಲೆ ಎಣ್ಣೆಯ ಹೆಸರು. ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ತನ್ನ ಎಂಜಿನ್ನಿಗೆ ಪೇಟೆಂಟು ಪಡೆದ. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಅದರ ವಿಶೇಷವೆಂದರೆ ಕಿಡಿ ಬೇಕಿಲ್ಲ. ಗಾಳಿಯನ್ನು ಕೊಳವೆಯೊಳಗೆ ಒತ್ತಿದಾಗ ಅದು ಕಾದು ಕೆಂಡದಂತಾಗುತ್ತದೆ. ಅದರೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಮಾದರಿಯ ಒಂದು ಚಿಕ್ಕ ಎಂಜಿನ್ನನ್ನು ಶೇಂಗಾ ಎಣ್ಣೆಯ ಮೇಲೆ ನಡೆಸಿ ತೋರಿಸಿದರು. ನಮ್ಮ ಕಡೆಯ ರೈತನಿಗೆ ಈ ಮಾತು ಹೇಳಿದರೆ, ಒಗ್ಗರಣೆಗೆ ಹಾಕುವುದನ್ನು ಎಂಜಿನ್ನಿಗೆ ಹಾಕಿದರಲ್ಲ ಎಂದು ಬೆರಗಾಗಬಹುದು. 1913ರಲ್ಲಿ ಇಂಗ್ಲಿಷ್ ಕಾಲುವೆ ದಾಟುತ್ತಿದ್ದ ಹಡಗಿನಿಂದ ಡೀಸೆಲ್ ಕಾಣೆಯಾದ. ಅವನ ಹೆಸರು ಮಾತ್ರ ಊರೂರಿನ ಬಂಕುಗಳ ಮೇಲೆ ಉಳಿಯಿತು.

ಆ ಎಂಜಿನ್ನು ಹೊಲಕ್ಕೆ ಇಳಿಯಬೇಕಾದರೆ ಎಣ್ಣೆಯನ್ನು ಅಳೆದು, ಒತ್ತಿ, ಮಂಜಿನಂತೆ ಸಿಂಪಡಿಸುವ ಒಂದು ಚಿಕ್ಕ ಪಂಪು ಬೇಕಾಗಿತ್ತು. ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಅಂಥ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ನಮ್ಮ ದೇಶದಲ್ಲಿ ಅದೇ ಪಂಪಿನ ತಯಾರಿಕೆಗೆ ಮನೆಯಾದದ್ದು ಬೆಂಗಳೂರು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಜನ ಬಲ್ಲದ್ದು ಮೈಕೋ ಎಂದು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ದೇಶದ ಎಷ್ಟೋ ಟ್ರ್ಯಾಕ್ಟರು, ಲಾರಿಗಳ ಪಂಪು ಆಡುಗೋಡಿಯ ಆ ಕಾರಖಾನೆಯಲ್ಲಿ ಹುಟ್ಟಿದ್ದು. ಈ ಪಂಪಿನೊಳಗಿನ ಉಕ್ಕಿನ ಕಡ್ಡಿಗೂ ಅದರ ಕೊಳವೆಗೂ ನಡುವೆ ಇರುವ ಸಂದು ಎರಡು-ಮೂರು ಮೈಕ್ರಾನು ಮಾತ್ರ. ಅಂದರೆ ತಲೆಗೂದಲಿನ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕಡಮೆ. ಆ ಸಂದಿನಲ್ಲಿ ಜಿಡ್ಡಾಗಿ ನಿಂತು ಉಕ್ಕನ್ನು ಕಾಯುವುದು ಬೇರೆ ಯಾವ ಎಣ್ಣೆಯೂ ಅಲ್ಲ, ಒಳಗೆ ಹರಿಯುವ ಡೀಸೆಲ್ಲೇ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಕಬ್ಬಿಣದ ನೇಗಿಲಿಗೆ ಹೆದರಿದ ಕಾಲ

ನಮ್ಮ ಊರಿನಿಂದ ದೂರವಿಲ್ಲದ ಗುರ್ಲಹೊಸೂರಿನಲ್ಲಿ 1869ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. ನಮ್ಮಂತೆಯೇ ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಬೆಳಗಾವಿ ಜಿಲ್ಲೆಯವರು ಎನ್ನಬಹುದು. ಆದರೆ ಅವರು ಇಲ್ಲಿಯೇ ಉಳಿಯಲಿಲ್ಲ. ಬೆಳಗಾವಿಗೆ ಮರಳಿ ಮೊದಲು ಸೈಕಲ್ ಅಂಗಡಿ ನಡೆಸಿದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ರೈತರು ಕೊಳ್ಳಲಿಲ್ಲ! ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂಬ ಭಯ. ಮೊದಲ ನೇಗಿಲುಗಳು ಮಾರಾಟವಾಗುವುದಕ್ಕೆ ವರ್ಷಗಳೇ ಹಿಡಿದವು. 1910ರಲ್ಲಿ ಔಂಧ್ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಹುಟ್ಟಿತು. ಬಾವಿಯ ದಂಡೆಯ ಮೇಲೆ ಡುಗು ಡುಗು ಎನ್ನುತ್ತಿದ್ದ ಡೀಸೆಲ್ ಎಂಜಿನ್ನು ನಮ್ಮ ಹಳ್ಳಿಗರಿಗೆ ಪರಿಚಯವಾದದ್ದು ಹೆಚ್ಚಾಗಿ ಇಂಥ ಕಾರಖಾನೆಗಳಿಂದ.

ಟ್ರ್ಯಾಕ್ಟರು ಬಂದದ್ದು ಇನ್ನೂ ತಡವಾಗಿ. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಕಂಪನಿ ಈ ದೇಶದಲ್ಲೇ ಟ್ರ್ಯಾಕ್ಟರ್ ತಯಾರಿಸಿತು. 1963ರಲ್ಲಿ ಮಹೀಂದ್ರಾದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಸಹಯೋಗದಿಂದ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು; ಅದರ ಕಾರಖಾನೆ ನಮ್ಮ ಕಾಂದಿವಲಿಯಲ್ಲೇ. ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಪಿಂಜೋರಿನಲ್ಲಿ ಝೆಟರ್ ಮಾದರಿಯ ಟ್ರ್ಯಾಕ್ಟರ್ ಆರಂಭಿಸಿತು. ಕಬ್ಬಿಣದ ಕುಳಕ್ಕೆ ಹೆದರಿದ್ದವರ ಮೊಮ್ಮಕ್ಕಳು ಬ್ಯಾಂಕಿನ ಸಾಲ ಮಾಡಿ ಮೂರು ಸಾವಿರ ಸೇರಿನ ತೂಕದ ಕಬ್ಬಿಣವನ್ನೇ ಹೊಲಕ್ಕೆ ಇಳಿಸಿದರು.

ಟ್ರ್ಯಾಕ್ಟರಿಗೆ ಬಂದ ಕಾಯಿಲೆ

ಔಷಧದ ಕತೆ ಹುಟ್ಟಿದ್ದೂ ಟ್ರ್ಯಾಕ್ಟರಿನಿಂದಲೇ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಡೀಸೆಲ್ ಟ್ರ್ಯಾಕ್ಟರನ್ನು ಮಾರಾಟಕ್ಕೆ ತಂದಿತು. ಕೆಲಸವೇನೋ ಚೆನ್ನಾಗಿ ಮಾಡಿತು. ಆದರೆ ಕೆಲವು ನೂರು ತಾಸು ದುಡಿದ ಮೇಲೆ ಪಿಸ್ಟನ್ನಿನ ರಿಂಗುಗಳು ತಮ್ಮ ಗಾಡಿಯಲ್ಲೇ ಅಂಟಿಕೊಂಡು ಕೂರತೊಡಗಿದವು. ಡೀಸೆಲ್ ಎಂಜಿನ್ನಿನ ಬಿಸಿಗೆ ಅಂದಿನ ಶುದ್ಧ ಖನಿಜ ಎಣ್ಣೆ ಸುಟ್ಟು, ಮಸಿಯೊಡನೆ ಕೂಡಿ ಅರಗಿನಂತಾಗುತ್ತಿತ್ತು. ಎಷ್ಟು ಶುದ್ಧ ಎಣ್ಣೆ ಹಾಕಿದರೂ ಕಾಯಿಲೆ ನಿಲ್ಲಲಿಲ್ಲ. ಶುದ್ಧವಾಗಿರುವುದೇ ಸಾಲದು, ಎಣ್ಣೆಗೆ ತೊಳೆಯುವ ಗುಣವೂ ಬೇಕೆಂದು ಆಗ ತಿಳಿಯಿತು. ಕ್ಯಾಟರ್‌ಪಿಲ್ಲರ್ ಜೊತೆಗೂಡಿ ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1935ರಲ್ಲಿ ಡೆಲೋ ಎಂಬ ಎಂಜಿನ್ ಎಣ್ಣೆಯನ್ನು ಹೊರತಂದಿತು. ಮಸಿಯನ್ನು ತೊಳೆಯುವ ರಾಸಾಯನಿಕ ಬೆರೆಸಿದ ಎಣ್ಣೆ ಅದು.

ಇದರ ಮರ್ಮ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಅಂಟವಾಳಕಾಯಿಯ ನೊರೆ ಜಿಡ್ಡನ್ನು ಹೇಗೆ ಬಿಡಿಸುತ್ತದೆ? ಅದರ ಕಣಕ್ಕೆ ತಲೆಯೊಂದು, ಬಾಲವೊಂದು. ತಲೆ ನೀರನ್ನು ಹಿಡಿಯುತ್ತದೆ, ಬಾಲ ಜಿಡ್ಡನ್ನು ಹಿಡಿಯುತ್ತದೆ. ಎಂಜಿನ್ನಿನಲ್ಲಿ ಇದು ತಿರುಗುಮುರುಗು: ಬಾಲ ಎಣ್ಣೆಯಲ್ಲಿ ಕರಗಿರುತ್ತದೆ, ತಲೆ ಮಸಿಯ ಕಣವನ್ನೋ ಲೋಹದ ಮೇಲ್ಮೈಯನ್ನೋ ಹಿಡಿಯುತ್ತದೆ. ಮಸಿಯ ಕಣಗಳು ಒಂದಕ್ಕೊಂದು ಸೇರಿ ಗಟ್ಟಿಯಾಗುವ ಮೊದಲೇ ಅವನ್ನು ಬೇರೆಬೇರೆಯಾಗಿ ತೇಲಿಸಿ ಇಡುತ್ತದೆ. ಹೊಸ ಎಣ್ಣೆ ಬೇಗನೆ ಕಪ್ಪಾಯಿತೆಂದು ಗೊಣಗುವ ರೈತರುಂಟು. ಕಪ್ಪಾದದ್ದೇ ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ.

ತುರ್ಭೆಯ ಕಾರಖಾನೆ

ಇನ್ನು ನಮ್ಮ ಸೀಮೆಗೆ ಬರೋಣ. ಚೆಂಬೂರಿನಾಚೆ ಟ್ರಾಂಬೆಯಲ್ಲಿ 1954ರಲ್ಲಿ ಸ್ಟ್ಯಾನ್‌ವ್ಯಾಕ್ ಕಂಪನಿಯ ಎಣ್ಣೆ ಶುದ್ಧೀಕರಣ ಕಾರಖಾನೆ, 1955ರಲ್ಲಿ ಅದರ ನೆರೆಯಲ್ಲೇ ಬರ್ಮಾ ಶೆಲ್‌ನದು ಆರಂಭವಾದವು. ರಾಷ್ಟ್ರೀಕರಣವಾದ ಮೇಲೆ ಅವು ಹಿಂದೂಸ್ಥಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದವು. ಎಣ್ಣೆಯೇನೋ ಇಲ್ಲಿ ತಯಾರಾಗುತ್ತಿತ್ತು; ಅದಕ್ಕೆ ಬೆರೆಸುವ ರಾಸಾಯನಿಕಗಳು ಬೇಕಲ್ಲ? ಅವನ್ನು ಹೊರದೇಶದಿಂದ ತರಿಸಬೇಕಾದರೆ ವಿದೇಶೀ ವಿನಿಮಯ ಬೇಕು. 1966ರ ಜೂನ್ ತಿಂಗಳಲ್ಲಿ ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿದ ಕಾಲ ಅದು.

ಅದೇ 1966ರಲ್ಲಿ ಭಾರತ ಸರಕಾರ ಅಮೆರಿಕದ ಲೂಬ್ರಿಜಾಲ್ ಕಂಪನಿಯೊಡನೆ ಪಾಲುಗಾರಿಕೆಯಲ್ಲಿ ಲೂಬ್ರಿಜಾಲ್ ಇಂಡಿಯಾ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಕಾರಖಾನೆ ಠಾಣೆ-ಬೇಲಾಪುರ ರಸ್ತೆಯ ಮೇಲೆ, ತುರ್ಭೆಯಲ್ಲಿ. ಲೂಬ್ರಿಜಾಲ್‌ನ ಮೂಲವೂ ಸ್ವಾರಸ್ಯದ್ದೇ. 1928ರಲ್ಲಿ ಕ್ಲೀವ್‌ಲೆಂಡಿನಲ್ಲಿ ಅದು ಹುಟ್ಟಿದಾಗ ಮಾರುತ್ತಿದ್ದದ್ದು ಮೋಟಾರಿನ ಸ್ಪ್ರಿಂಗು ಕಿರುಗುಟ್ಟದಂತೆ ಹಚ್ಚುವ ಗ್ರಾಫೈಟ್ ಎಣ್ಣೆ. ನಮ್ಮೂರಲ್ಲಿ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದರಲ್ಲ, ಅದೇ ಜಾತಿಯದು. ತುರ್ಭೆಯ ಸಂಸ್ಥೆಯಲ್ಲಿ ಸರಕಾರದ ಪಾಲು ಆಮೇಲೆ ಇಂಡಿಯನ್ ಆಯಿಲ್‌ಗೆ ಬಂತು.

ಕಂಪನಿ ಹುಟ್ಟಿದಾಗ ಇನ್ನೂ ನವಿ ಮುಂಬಯಿಯೇ ಇರಲಿಲ್ಲ. ಸಿಡ್ಕೋ ಸ್ಥಾಪನೆಯಾದದ್ದು 1970ರಲ್ಲಿ. ಖಾಡಿಯ ಅಂಚಿನ ಗದ್ದೆ, ಉಪ್ಪಿನ ಅಗರ, ಆಗರಿ ಕೋಳಿಗಳ ಹಳ್ಳಿಗಳ ನಡುವೆ ಔದ್ಯೋಗಿಕ ವಸಾಹತು ಎದ್ದಿತು. ಆ ಭೂಮಿಯಲ್ಲಿ ಬೆಳೆಯುತ್ತಿದ್ದ ರೈತರ ನೇಗಿಲು ನಿಂತುಹೋಗಿ, ದೂರದ ರೈತರ ಟ್ರ್ಯಾಕ್ಟರಿಗೆ ಬೇಕಾದದ್ದು ಅಲ್ಲಿ ತಯಾರಾಯಿತು. 2004ರಲ್ಲಿ ಠಾಣೆಯಿಂದ ವಾಶಿಗೆ ರೈಲು ಆರಂಭವಾದಾಗಿನಿಂದ ಐರೋಲಿ, ರಬಾಳೆ, ಘಣ್ಸೋಲಿ ದಾಟಿ ತುರ್ಭೆಯ ಮೇಲೆ ಹಾಯ್ದು ಬೇಲಾಪುರದ ಕಚೇರಿಗೆ ಹೋಗುವ ನಮ್ಮಂಥವರು ಎಷ್ಟು ಜನ! ಕಿಟಕಿಯಾಚೆಯ ಕೊಳವೆ, ಟಾಕಿಗಳಿಗೂ ಊರಿನ ಅಣ್ಣನ ಎಂಜಿನ್ನಿಗೂ ಸಂಬಂಧವುಂಟೆಂದು ನಮಗೆ ಹೊಳೆದಿರಲೇ ಇಲ್ಲ.

ಗಂಧಕ ಹೋಯಿತು, ಜಿಡ್ಡೂ ಹೋಯಿತು

ನಮ್ಮ ಡೀಸೆಲ್ಲಿನಲ್ಲಿ ಹಿಂದೆ ಗಂಧಕ ವಿಪರೀತ. 1990ರ ದಶಕದ ಆರಂಭದವರೆಗೆ ನೂರಕ್ಕೆ ಒಂದು ಪಾಲಿನಷ್ಟು, ಅಂದರೆ ಹತ್ತು ಲಕ್ಷಕ್ಕೆ 10,000 ಪಾಲು ಗಂಧಕ ಇರಬಹುದಾಗಿತ್ತು. ಗಂಧಕ ಉರಿದು ನೀರಾವಿಯೊಡನೆ ಸೇರಿದರೆ ಗಂಧಕಾಮ್ಲ. ಅದು ಬೋರನ್ನೂ ರಿಂಗನ್ನೂ ತಿನ್ನುತ್ತದೆ. ಎಂಜಿನ್ ಎಣ್ಣೆಗೆ ಬೆರೆಸಿದ ಕ್ಯಾಲ್ಸಿಯಂ ಲವಣಗಳು ಈ ಆಮ್ಲವನ್ನು, ಹುಳಿಗೆ ಸುಣ್ಣ ಬಿದ್ದಂತೆ, ತಟಸ್ಥಗೊಳಿಸುತ್ತಿದ್ದವು. ಟ್ರ್ಯಾಕ್ಟರನ್ನು ಅಷ್ಟು ವರ್ಷ ಕಾದದ್ದು ಈ ಸುಣ್ಣ.

ಆಮೇಲೆ ಗಾಳಿಯನ್ನು ಸ್ವಚ್ಛಗೊಳಿಸಲೆಂದು ಗಂಧಕವನ್ನು ಇಳಿಸುತ್ತ ಬಂದರು. ದೇಶಕ್ಕೆಲ್ಲ ಅನ್ವಯಿಸುವಂತೆ 2005ರಲ್ಲಿ 500 ಪಾಲು, 2010ರಲ್ಲಿ 350, 2017ರಲ್ಲಿ 50. 2020ರ ಏಪ್ರಿಲ್ 1ರಿಂದ ಬರೀ 10. ಒಳ್ಳೆಯದೇ ಆಯಿತು. ಆದರೆ ಇದರ ಜೊತೆಗೊಂದು ತೊಡಕಿತ್ತು. ಸ್ವೀಡನ್ 1991ರ ಸುಮಾರಿಗೇ ಇಂಥ ಡೀಸೆಲ್ ತಂದಾಗ ಅಲ್ಲಿಯ ವಾಹನಗಳ ಪಂಪುಗಳು ಸವೆದು ಕೈಕೊಟ್ಟವು. ಗಂಧಕವನ್ನು ತೆಗೆಯುವ ಸಂಸ್ಕಾರವು ಡೀಸೆಲ್ಲಿಗೆ ಸಹಜವಾಗಿದ್ದ ಜಿಡ್ಡಿನ ಗುಣವನ್ನೂ ತೆಗೆದುಬಿಡುತ್ತದೆ. ನಾವು ಮೊದಲು ಹೇಳಿದ ಆ ಎರಡು-ಮೂರು ಮೈಕ್ರಾನಿನ ಸಂದು ಆಗ ಒಣಗುತ್ತದೆ. ಪರಿಹಾರವಾಗಿ, ಎಣ್ಣೆಬೀಜಗಳ ಕೊಬ್ಬಿನಾಮ್ಲಗಳನ್ನು ಹೋಲುವ ರಾಸಾಯನಿಕವನ್ನು ಹತ್ತು ಲಕ್ಷಕ್ಕೆ ಕೆಲವು ನೂರು ಪಾಲಿನಷ್ಟು ಬೆರೆಸತೊಡಗಿದರು. ಉಕ್ಕಿನ ಮೇಲೆ ಸಣ್ಣ ಗುಂಡನ್ನು ಉಜ್ಜಿ, ಮೂಡುವ ಗುರುತು 460 ಮೈಕ್ರಾನಿಗೆ ಮೀರಬಾರದೆಂಬ ಪರೀಕ್ಷೆಯೂ ಬಂತು. ನಮ್ಮ ದೇಶದ ಮಾನಕವೂ ಇದನ್ನೇ ಹೇಳುತ್ತದೆ. ಎಂದರೆ, ಇಂದು ಬಂಕಿನಿಂದ ಹಾಕಿಸಿಕೊಳ್ಳುವ ಡೀಸೆಲ್ಲಿನಲ್ಲಿ ಬೇಕಾದ ಔಷಧ ಮೊದಲೇ ಇದೆ!

ಕುತೂಹಲದ ಮಾತೆಂದರೆ, ಗಿಡದ ಎಣ್ಣೆಯಿಂದ ಮಾಡಿದ ಜೈವಿಕ ಡೀಸೆಲ್ಲನ್ನು ನೂರಕ್ಕೆ ಒಂದೆರಡು ಪಾಲು ಬೆರೆಸಿದರೂ ಈ ಜಿಡ್ಡು ಮರಳಿ ಬರುತ್ತದೆ. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2007ರಲ್ಲಿ ಜೈವಿಕ ಇಂಧನ ಉದ್ಯಾನ ಆರಂಭಿಸಿ, ಹೊಂಗೆ, ಬೇವು, ಹಿಪ್ಪೆಗಳನ್ನು ರೈತರ ಬದುವಿನ ಮೇಲೆ ತರಲು ಯತ್ನಿಸಿದ್ದಾರೆ. ಆದರೆ ಗಾಣದಿಂದ ತಂದ ಹಸಿ ಎಣ್ಣೆಯನ್ನೇ ಟಾಕಿಗೆ ಸುರಿದರೆ ನೋಜಲ್ ಗೋಂದಾದೀತು, ಎಚ್ಚರಿಕೆ.

ಉಳಿಸುವ ಬೆರಕೆ, ಕೊಲ್ಲುವ ಬೆರಕೆ

ಈಗ ನಮ್ಮ ಮನೆಯ ಮಾತು. 2006ರಲ್ಲಿ ಅಣ್ಣ ಬ್ಯಾಂಕಿನ ಸಾಲದಿಂದ ಮೊದಲ ಟ್ರ್ಯಾಕ್ಟರು ಕೊಂಡ. ನಮಗೆ ನೌಕರಿಯಾಗಿ ಆಗ ಕೆಲವೇ ವರ್ಷ. 2008ರ ಹಿಂಗಾರಿಗೆ ಮುಂಚೆ ಅವನು ಫೋನು ಮಾಡಿದ: ಎಂಜಿನ್ ಬೇಗ ಚಾಲೂ ಆಗವಲ್ಲದು, ಹೊಗೆ ಬಹಳ, ಜಗ್ಗುವ ಶಕ್ತಿಯಿಲ್ಲ. ನಾವು ಪದವೀಧರರಲ್ಲವೆ? ಸ್ಟೇಷನ್ ಬಳಿಯ ಅಂಗಡಿಯಲ್ಲಿ ಡೀಸೆಲ್ಲಿಗೆ ಹಾಕುವ ಬಾಟಲಿಯೊಂದನ್ನು ಕೊಂಡು, ಊರಿಗೆ ಹೊರಟವರ ಕೈಯಲ್ಲಿ ಕಳಿಸಿ, ದೊಡ್ಡ ಉಪಕಾರ ಮಾಡಿದಂತೆ ಬೀಗಿದೆವು. ಕೇಳಬೇಕಾದ ಒಂದೇ ಪ್ರಶ್ನೆಯನ್ನು ಕೇಳಲಿಲ್ಲ: ಡೀಸೆಲ್ ಎಲ್ಲಿಂದ ತರುತ್ತೀ?

ಬಿತ್ತನೆಯ ನಡುವೆ ಪಂಪು ಹಿಡಿದುಕೊಂಡಿತು. ಮಿಸ್ತ್ರಿ ಬಿಚ್ಚಿ ನೋಡಿ, "ಎಲಿಮೆಂಟ್ ಹೋಗ್ಯಾವ, ನೋಜಲ್ ಹೋಗ್ಯಾವ, ಇದರಾಗ ಚಿಮಣಿ ಎಣ್ಣಿ ವಾಸನಿ ಬರತೈತಿ" ಅಂದನಂತೆ. ಲೀಟರಿಗೆ ನಾಲ್ಕು ರೂಪಾಯಿ ಉಳಿಯುತ್ತದೆಂದು ಅಣ್ಣ ಮನೆಬಾಗಿಲಿಗೆ ಬರುವ ಡ್ರಮ್ಮಿನ ಡೀಸೆಲ್ ಕೊಳ್ಳುತ್ತಿದ್ದ. ರಿಪೇರಿಗೆ ಹದಿನೆಂಟು ಸಾವಿರ ಹೋಯಿತು. ಹನ್ನೊಂದು ದಿನ ಕಳೆಯಿತು. ಎರೆ ಹೊಲದ ಹಸಿ ಆರಿತು. ಆ ವರ್ಷ ಕಡಲೆ ಮೊಳಕಾಲೆತ್ತರಕ್ಕೂ ಬರಲಿಲ್ಲ. ಅಣ್ಣ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಸೀಮೆಎಣ್ಣೆ ಡೀಸೆಲ್ಲಿಗಿಂತ ತೆಳು, ಅದರಲ್ಲಿ ಜಿಡ್ಡು ಕಡಮೆ. ಪಂಪಿನ ಉಕ್ಕಿಗೆ ಅದು ಸಾಣೆ ಹಿಡಿದಂತೆ. ಬಡವರ ದೀಪಕ್ಕೆಂದು ಸರಕಾರ ಪಡಿತರದಲ್ಲಿ ಕೊಡುತ್ತಿದ್ದ ಸೀಮೆಎಣ್ಣೆಯ ಬೆಲೆ 2005ರ ಸುಮಾರಿಗೆ ಡೀಸೆಲ್ ಬೆಲೆಯ ಮೂರನೆಯ ಒಂದು ಪಾಲಿನಷ್ಟಿತ್ತು. ಈ ಅಂತರವೇ ದಂಧೆಯ ಬಂಡವಾಳ. ಅದನ್ನು ತಡೆಯಹೋದವರ ಗತಿ ಏನಾಯಿತು? ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದು, ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಮಂಜುನಾಥ ಷಣ್ಮುಗಂ ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋಗಿದ್ದರು. ಕಲಬೆರಕೆಯ ಬಂಕಿಗೆ ಬೀಗ ಹಾಕಿಸಿದ್ದಕ್ಕೆ, ಅದು ಮತ್ತೆ ತೆರೆದಾಗ ಪುನಃ ತಪಾಸಣೆಗೆ ಹೋದದ್ದಕ್ಕೆ, 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು ಇಪ್ಪತ್ತೇಳು. ನಮ್ಮ ಮಹಾರಾಷ್ಟ್ರದಲ್ಲೇ 2011ರ ಜನವರಿ 25ರಂದು ಮನಮಾಡ ಬಳಿ ಮಾಲೇಗಾಂವದ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಎಣ್ಣೆಗಳ್ಳರು ಜೀವಂತ ಸುಟ್ಟರು. ನಾವೂ ಸರಕಾರದ ಕಾಗದದ ಮೇಲೆ ಸಹಿ ಹಾಕುವವರೇ. ಸಹಿಗೆ ಇಷ್ಟು ಬೆಲೆ ತೆತ್ತವರುಂಟೆಂದು ನೆನೆದಾಗ ಕೈ ಒಮ್ಮೆ ತಡೆಯುತ್ತದೆ. ಅಣ್ಣನ ಹೊಲದಲ್ಲಿ ಪಂಪು ಹಿಡಿದುಕೊಂಡದ್ದೂ ಆ ಇಬ್ಬರು ಪ್ರಾಣ ಕಳೆದುಕೊಂಡದ್ದೂ ಒಂದೇ ದಂಧೆಯಿಂದ.

ಅಣ್ಣನಿಗೆ ಕೊಟ್ಟ ಉತ್ತರ

ಹಾಗಾದರೆ ಬಾಟಲಿಯ ಔಷಧವೆಲ್ಲ ಸುಳ್ಳೇ? ಹಾಗೆನ್ನಲಾಗದು. ನೋಜಲಿನ ತುದಿಯ ಕಿಟ್ಟವನ್ನು ತೊಳೆಯುವ, ಬೇಗ ಹೊತ್ತಿಕೊಳ್ಳುವಂತೆ ಮಾಡುವ, ತುಕ್ಕು ತಡೆಯುವ ರಾಸಾಯನಿಕಗಳು ನಿಜವಾಗಿಯೂ ಇವೆ. 2000ದ ದಶಕದ ಮೊದಲ ವರ್ಷಗಳಲ್ಲಿ ಎಕ್ಸ್‌ಟ್ರಾಮೈಲ್, ಟರ್ಬೋಜೆಟ್ ಮುಂತಾದ ಹೆಸರಿನಿಂದ ಎಣ್ಣೆ ಕಂಪನಿಗಳೇ ಅಂಥ ಡೀಸೆಲ್ ಮಾರಿದವು. ಆದರೆ ನೂರಕ್ಕೆ ಇಪ್ಪತ್ತು ಡೀಸೆಲ್ ಉಳಿತಾಯ, ಸವೆದ ಎಂಜಿನ್ ಹೊಸದಾಗುತ್ತದೆ ಎಂಬ ಮಾತುಗಳನ್ನು ನಂಬಬೇಕಾಗಿಲ್ಲ. ಇಂಧನ ಉಳಿಸುತ್ತವೆಂದು ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನ, ದ್ರವಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರೀಕ್ಷಿಸಿದಾಗ, ತುಸುವಾದರೂ ಪ್ರಯೋಜನ ಕಂಡದ್ದು ಬೆರಳೆಣಿಕೆಯವುಗಳಲ್ಲಿ. ಸವೆದ ಉಕ್ಕನ್ನು ಬೆಳೆಸುವ ಔಷಧ ಯಾವ ರಸಾಯನಶಾಸ್ತ್ರದಲ್ಲೂ ಇಲ್ಲ.

ಆದ್ದರಿಂದ ಈ ಸಲ ನಾವು ಬಾಟಲಿ ಒಯ್ಯಲಿಲ್ಲ. ಜಾತ್ರೆಗೆ ಹೋದಾಗ ಎರಡು ಹೊಸ ಫಿಲ್ಟರು ಒಯ್ದೆವು. ಅಣ್ಣನ ಜೊತೆ ಟ್ರ್ಯಾಕ್ಟರಿನ ಪಕ್ಕದಲ್ಲಿ ಕೂತು ಮಾತಾಡಿದೆವು. ಡೀಸೆಲ್ಲನ್ನು ಬಂಕಿನಿಂದಲೇ ತರಬೇಕು, ಸಂಶಯ ಬಂದರೆ ಸಾಂದ್ರತೆ ಅಳೆದು ತೋರಿಸೆಂದು ಕೇಳುವ ಹಕ್ಕು ಗಿರಾಕಿಗೆ ಇದೆ. ಸಂಜೆ ಕೆಲಸ ಮುಗಿದ ಮೇಲೆ ಟಾಕಿ ತುಂಬಿಸಿಡಬೇಕು, ಖಾಲಿ ಬಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರು ಕಟ್ಟುತ್ತದೆ. ಬೆಳಿಗ್ಗೆ ಚಾಲೂ ಮಾಡುವ ಮೊದಲು ತಳದ ಬಟ್ಟಲಿನ ನೀರು ಬಿಡಬೇಕು. ಫಿಲ್ಟರನ್ನೂ ಎಂಜಿನ್ ಎಣ್ಣೆಯನ್ನೂ ಪುಸ್ತಕದಲ್ಲಿ ಹೇಳಿದಷ್ಟು ತಾಸಿಗೆ, ಹೇಳಿದ ದರ್ಜೆಯದನ್ನೇ, ಬದಲಾಯಿಸಬೇಕು. ಇಷ್ಟೂ ಮಾಡಿದ ಮೇಲೆ ಟ್ರ್ಯಾಕ್ಟರ್ ಕಂಪನಿಯವರೇ ಬೇಕೆಂದರೆ ಮಾತ್ರ ಬಾಟಲಿ.

ಅಣ್ಣ ಎಲ್ಲ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತ ಇದನ್ನ ಹೇಳಿದ್ದರ ಛಲೋ ಇತ್ತಲ್ಲೋ ತಮ್ಮಾ" ಎಂದ. ಹದಿನೈದು ವರ್ಷಗಳ ಮೇಲೆ ಬಂದ ಮಾತು. ನಾವು ಉತ್ತರ ಕೊಡಲಿಲ್ಲ. ತಳದ ಬಟ್ಟಲನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆವು.

ಗುರ್ಲಹೊಸೂರಿನವರು ಮಾಡಿದ ಕಬ್ಬಿಣದ ನೇಗಿಲಿಗೆ ನಮ್ಮ ಹಿರಿಯರು ತಿಳಿಯದೆ ಹೆದರಿದರು. ಬಾಟಲಿಯನ್ನು ನಾವು ತಿಳಿಯದೆ ನಂಬಿದೆವು. ಎರಡರಲ್ಲೂ ಕೊರತೆ ಒಂದೇ. ಊರಿನವರು ಮುಂಬಯಿಯಿಂದ ಏನಾದರೂ ತಾ ಎಂದಾಗ, ಸಾಮಾನಿನ ಜೊತೆಗೆ ನಾಲ್ಕು ತಿಳಿದ ಮಾತನ್ನೂ ಒಯ್ಯೋಣ. ಅದಕ್ಕೆ ರೈಲಿನಲ್ಲಿ ಲಗೇಜಿನ ಚಾರ್ಜು ಬೀಳುವುದಿಲ್ಲ.